ಬತ್ತೋದು, ಒಣಗೋದು, ಆರೋದು: ಇಂಗ್ಲಿಷ್ ಫ್ರೇಸಲ್ ವರ್ಬ್ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಬಹುಪಾಲು ಫ್ರೇಸಲ್ ವರ್ಬ್ ಬಗ್ಗೆನೇ ಇದಾವೆ. ಗಿವ್, ಪುಟ್, ಲುಕ್, ಟರ್ನ್ ಥರದ ಸಣ್ಣ ಕ್ರಿಯಾಪದದ ಹಿಂದೆ ಅಪ್, ಆಫ್, ಔಟ್, ಇನ್ ಅಂತ ಒಂದು ಪುಟ್ಟ ಪದ ಬಂದು ಕೂತ್ಕೊಂಡು ಅರ್ಥಾನೇ ಬದಲಾಯ್ಸಿಬಿಡತ್ತಲ್ಲ, ಅವು. ಬೇರೆ ವ್ಯಾಕರಣದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ, ಈ ಸಲ ಪೂರ್ತಿ ಇದೇ.

ಪ್ರಶ್ನೆ: ನಮ್ಮನೆ ಅಡಿಕೆ ಕೆಲಸದ ಬಗ್ಗೆ ಇಂಗ್ಲಿಷಲ್ಲಿ ಪ್ರಾಜೆಕ್ಟ್ ಬರೀತಿದೀನಿ. ಬೇಯ್ಸಿದ ಅಡಿಕೆ ಅಂಗಳದಲ್ಲಿ ಒಣಗತ್ತೆ ಅನ್ನಕ್ಕೆ ಡ್ರೈ ಅಪ್ ಅಂತ ಬರೆದೆ, ನಮ್ಮ ಮೇಡಂ ಅದನ್ನ ಡ್ರೈ ಔಟ್ ಅಂತ ತಿದ್ದಿದ್ರು. ಬೇಸಿಗೇಲಿ ಹಳ್ಳ ಒಣಗತ್ತೆ ಅನ್ನಕ್ಕೆ ಡ್ರೈ ಔಟ್ ಅಂತ ಬರೆದ್ರೆ ಅಲ್ಲಿ ಡ್ರೈ ಅಪ್ ಮಾಡಿದ್ರು. ಎರಡೂ ಒಣಗೋದೇ ಅಲ್ವಾ?
ಬಿ.ಎ. ವಿದ್ಯಾರ್ಥಿನಿ, ತೀರ್ಥಹಳ್ಳಿ

ನಿಮ್ಮ ಮೇಡಂ ತಿದ್ದಿದ್ದು ಎರಡೂ ಕಡೆ ಸರಿ ಇದೆ. ಆದ್ರೆ ಕಾರಣ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕೋ ಮುಂಚೆ ನಿಮ್ಮನೇಲಿ ಅಜ್ಜಿ ಮಾತಾಡೋದನ್ನ ಕೇಳಿ. ಬಾವಿ ಒಣಗ್ತು ಅನ್ನಲ್ಲ ಅವರು, ಬಾವಿ ಬತ್ತಿತು ಅಂತಾರೆ. ಅಡಿಕೆ ಬತ್ತಿತು ಅನ್ನಲ್ಲ, ಒಣಗ್ತು ಅಂತಾರೆ. ತಲೆಗೆ ನೀರು ಹಾಕ್ಕೊಂಡು ಬಂದ್ರೆ ಕೂದ್ಲು ಒಣಗ್ಲಿ ಅನ್ನೋದಕ್ಕಿಂತ ಕೂದ್ಲು ಆರ್ಲಿ ಅನ್ನೋದೇ ಜಾಸ್ತಿ. ಬತ್ತೋದು, ಒಣಗೋದು, ಆರೋದು ಅಂತ ಮೂರನ್ನೂ ನೀವು ಸಣ್ಣೋರಿದ್ದಾಗಿಂದ ಬೇರೆ ಬೇರೆ ಮಾಡ್ಕೊಂಡೇ ಬಂದಿದೀರಿ, ಯಾರೂ ಪಟ್ಟಿ ಕೊಟ್ಟು ಕಲಿಸ್ಲಿಲ್ಲ. ಇಂಗ್ಲಿಷಲ್ಲೂ ಸುಮಾರಾಗಿ ಇದೇ ಮೂರು ಭಾಗ, ಡ್ರೈ ಅಪ್, ಡ್ರೈ ಔಟ್, ಡ್ರೈ ಆಫ್.

ಡ್ರೈ ಅಪ್ ಅಂದ್ರೆ ಮೂಲವೇ ಖಾಲಿ ಆಗೋದು. ಹಳ್ಳ, ಕೆರೆ, ಬಾವಿ, ಹಸುವಿನ ಹಾಲು, ಇವೆಲ್ಲ ಡ್ರೈ ಅಪ್ ಆಗ್ತಾವೆ. ಅದೇ ದಾರೀಲಿ ದುಡ್ಡು, ಕೆಲಸ, ಆರ್ಡರ್ ಬರೋದು ನಿಂತ್ರೂ ಡ್ರೈ ಅಪ್ಪೇ, 'ದಿ ಫಂಡ್ಸ್ ಡ್ರೈಡ್ ಅಪ್' ಅಂತ ಪೇಪರಲ್ಲಿ ಬರತ್ತೆ. ಇಂಗ್ಲೆಂಡ್ ಕಡೆ ನಾಟಕದವರು ಸ್ಟೇಜ್ ಮೇಲೆ ಮಾತು ಮರೆತು ನಿಂತುಬಿಟ್ರೆ ಅದಕ್ಕೂ ಇದನ್ನೇ ಹೇಳ್ತಾರೆ. ಅಲ್ಲೇ ಇನ್ನೊಂದು ಅರ್ಥಾನೂ ಇದೆ, ತೊಳೆದ ಪಾತ್ರೆ ಒರೆಸಿಡೋದು, ಆದ್ರೆ ಅದು ನಿಮ್ಮ ಪ್ರಾಜೆಕ್ಟಿಗೆ ಬೇಕಾಗಲ್ಲ.

ಡ್ರೈ ಔಟ್ ಅಂದ್ರೆ ಒಳಗಿನ ತೇವ ಹೊರಗೆ ಹೋಗೋದು, ನಿಧಾನಕ್ಕೆ, ಒಳಗಿಂದ. ಸುಲಿದು ಚೊಗರಲ್ಲಿ, ಅಂದ್ರೆ ಅಡಿಕೆ ಬೇಯ್ಸಿದ ಕೆಂಪು ನೀರಲ್ಲಿ, ಬೇಯ್ಸಿ ಅಂಗಳಕ್ಕೋ ಅಟ್ಟಕ್ಕೋ ಹಾಕಿದ ಅಡಿಕೆ ಮೇಲ್ಗಡೆ ಮುಟ್ಟಿದ್ರೆ ಒಂದೇ ದಿನಕ್ಕೆ ಒಣಗಿದ ಹಾಗೆ ಕಾಣತ್ತೆ, ಆದ್ರೆ ಕೈಯಲ್ಲಿ ಹಿಡಿದು ಅಲ್ಲಾಡ್ಸಿ ನೋಡೋರಿಗೆ ಗೊತ್ತು ಒಳಗೆ ಹಸಿ ಇದೆ ಅಂತ, ಇನ್ನೂ ಹಲವು ದಿನ ಬಿಸಿಲು ಬೇಕು. ಆ ಒಳಗಿನ ಹಸಿ ಹೋಗೋದೇ ಡ್ರೈ ಔಟ್. ಮಣ್ಣು, ಚರ್ಮ, ನೆನೆದ ಮರದ ದಿಮ್ಮಿ, ಇವೂ ಡ್ರೈ ಔಟ್ ಆಗ್ತಾವೆ. ಇನ್ನು ಡ್ರೈ ಆಫ್ ಅಂದ್ರೆ ಮೇಲಿನ ನೀರು ಮಾತ್ರ ಆರೋದು, ಸ್ನಾನ ಆದ್ಮೇಲೆ ಮೈ, ಮಳೇಲಿ ನಿಂತ ಬೈಕಿನ ಸೀಟು. ಹಸುವಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಕರು ಹಾಕೋಕೆ ಸುಮಾರು ಎರಡು ತಿಂಗಳು ಮುಂಚೆ ನಾವೇ ಹಾಲು ಕರೆಯೋದು ನಿಲ್ಲಿಸ್ತೀವಲ್ಲ, ಅದಕ್ಕೆ ಪಶುವೈದ್ಯರು ಡ್ರೈ ಆಫ್ ಅಂತಾರೆ, ಅದು ಅವರ ವೃತ್ತಿಯ ಮಾತು. ಹಾಲು ತಾನಾಗೇ ಬತ್ತಿದ್ರೆ ಡ್ರೈ ಅಪ್.

ಪ್ರಾಜೆಕ್ಟಿಗೆ ಒಂದು ಸಲಹೆ. ನಾವೇ ಬಿಸಿಲಿಗೆ ಹಾಕಿ ಒಣಗಿಸ್ತೀವಿ ಅನ್ನೋ ಕಡೆ ಬರೀ 'ದಿ ನಟ್ಸ್ ಆರ್ ಡ್ರೈಡ್ ಇನ್ ದಿ ಸನ್' ಅಂತ ಬರೆದ್ರೆ ಸಾಕು, ಎಲ್ಲಾ ಕಡೆ ಪುಟ್ಟ ಪದ ಅಂಟಿಸ್ಬೇಕು ಅಂತೇನಿಲ್ಲ.

ಪ್ರಶ್ನೆ: ಮಕ್ಕಳಿಗೆ ಮಳೆಗಾಲದ ಬಗ್ಗೆ ಇಂಗ್ಲಿಷಲ್ಲಿ ಬರೆಸಿದ್ರೆ ಇಡೀ ಕ್ಲಾಸು 'ಇಟ್ ರೇನ್ಸ್ ಹೆವಿಲಿ' ಅಂತ ಒಂದೇ ವಾಕ್ಯ ಬರೀತಾರೆ. ನಮ್ಮ ಊರಿನ ಮಳೆಗೆ ಅದು ಸಾಲಲ್ಲ. ಒಂದಷ್ಟು ಫ್ರೇಸಲ್ ವರ್ಬ್ ಹೇಳಿ.
ಹೈಸ್ಕೂಲ್ ಶಿಕ್ಷಕರು, ಹೊಸನಗರ

ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿ ಆಯ್ತು. ಆಗುಂಬೆ ಹುಲಿಕಲ್ ಸುತ್ತಮುತ್ತ ಬೆಳೆಯೋ ಮಕ್ಕಳು ಮಳೆ ಬಗ್ಗೆ ಒಂದೇ ವಾಕ್ಯ ಬರೆದು ಸುಮ್ಮನಾಗಬಾರದು.

ಮೊದಲನೇದು ಸೆಟ್ ಇನ್. ನಾವು ಮಳೆ ಹಿಡ್ಕೊಳ್ತು ಅಂತೀವಲ್ಲ, ಅದೇ. ಬಂತು ಅಂತ ಮಾತ್ರ ಅಲ್ಲ, ಬಂದು ಕೂತ್ಕೊಂಡ್ತು, ಇನ್ನು ಬೇಗ ಹೋಗಲ್ಲ ಅನ್ನೋ ಅರ್ಥ ಅದರಲ್ಲಿದೆ. ಹವಾಮಾನ ಇಲಾಖೆಯವರು ಕೇರಳಕ್ಕೆ ಮುಂಗಾರು ಬಂದಾಗ ಬಳಸೋದೂ ಇದನ್ನೇ, ವಾಡಿಕೆ ಪ್ರಕಾರ ಅದು ಜೂನ್ 1. 'ದಿ ಮಾನ್ಸೂನ್ ಹ್ಯಾಸ್ ಸೆಟ್ ಇನ್.' ಸೆಟ್‌ಗೆ ಭೂತಕಾಲದಲ್ಲೂ ಸೆಟ್ ಅಂತಾನೇ, ಮಕ್ಕಳು ಸೆಟ್ಟೆಡ್ ಅಂತ ಬರೆದ್ರೆ ಅಲ್ಲೇ ತಿದ್ದಿ. ಸಾಮಾನ್ಯವಾಗಿ ಬೇಡದ ವಿಷಯಕ್ಕೇ ಇದು ಜಾಸ್ತಿ ಬರೋದು, ಚಳಿ, ಸೋಂಕು, ಕೊಳೆ. ಕೊಳೆರೋಗ ತೋಟಕ್ಕೆ ಹತ್ತಿಕೊಂಡ್ತು ಅನ್ನೋಕೆ 'ದಿ ರಾಟ್ ಹ್ಯಾಸ್ ಸೆಟ್ ಇನ್' ಅಂದ್ರೆ ಅಕ್ಷರಶಃ ಹೊಂದತ್ತೆ.

ಲೆಟ್ ಅಪ್ ಅಂದ್ರೆ ಮಳೆ ಸ್ವಲ್ಪ ಬಿಡೋದು. ಇದು ಬಹಳ ಸಲ ಇಲ್ಲ ಅನ್ನೋದರ ಜೊತೆ ಬರತ್ತೆ, 'ದಿ ರೇನ್ ಹ್ಯಾಸಂಟ್ ಲೆಟ್ ಅಪ್ ಸಿನ್ಸ್ ಮಾರ್ನಿಂಗ್', ಬೆಳಗ್ಗಿಂದ ಬಿಟ್ಟೇ ಇಲ್ಲ. ಕ್ಲಿಯರ್ ಅಪ್ ಅಂದ್ರೆ ನಾವು ಹೊಳವಾಯ್ತು ಅನ್ನೋದು, ಮೋಡ ಸರಿದು ಬೆಳಕಾಗೋದು. ಮಳೆ ಬಿಟ್ಟೂ ಮೋಡ ಹಾಗೇ ಇದ್ರೆ ಅದು ಲೆಟ್ ಅಪ್ ಆಯ್ತೇ ಹೊರತು ಕ್ಲಿಯರ್ ಅಪ್ ಆಗಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಹೋಲ್ಡ್ ಆಫ್, ಬರಬೇಕಾದ ಮಳೆ ಬರದೆ ತಡೆದು ನಿಲ್ಲೋದು. ಕೊಳೆರೋಗ ಬರದ ಹಾಗೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋ ದಿನ ಮನೆಯವರೆಲ್ಲ ಆಕಾಶ ನೋಡ್ತಿರ್ತಾರೆ, ಸಂಜೆವರೆಗೆ ತಡೀಲಪ್ಪ ಅಂತ. ತಡೀತು ಅಂದ್ರೆ 'ದಿ ರೇನ್ ಹೆಲ್ಡ್ ಆಫ್ ಅಂಟಿಲ್ ವಿ ಫಿನಿಶ್ಡ್ ಸ್ಪ್ರೇಯಿಂಗ್.' ಈ ಒಂದು ವಾಕ್ಯದಲ್ಲಿ ಇಡೀ ಮಳೆಗಾಲದ ಆತಂಕ ಇದೆ. ಮಳೆಗೆ ಮ್ಯಾಚ್ ನಿಂತುಹೋದ್ರೆ ಇಂಗ್ಲೆಂಡಲ್ಲಿ ರೇನ್ಡ್ ಆಫ್, ಅಮೆರಿಕದಲ್ಲಿ ರೇನ್ಡ್ ಔಟ್.

ಪ್ರಶ್ನೆ: ಗಿವ್ ಅಪ್, ಗಿವ್ ಇನ್ ಎರಡಕ್ಕೂ ಡಿಕ್ಷನರೀಲಿ 'ಸೋಲೊಪ್ಪಿಕೊಳ್ಳು' ಅಂತಾನೇ ಇದೆ. ಹಂಗಾದ್ರೆ ಎರಡು ಯಾಕೆ?
ಸಾಗರದಿಂದ ಒಬ್ಬರು

ಕನ್ನಡದಲ್ಲಿ ಬಿಟ್ಟುಬಿಡು, ಬಿಟ್ಟುಕೊಡು ಎರಡೂ ಇದಾವೆ ನೋಡಿ. ಮೊದಲನೇ ಪದ ಒಂದೇ, ಎರಡನೇದು ಬದಲಾದ ತಕ್ಷಣ ಎದುರಿಗೆ ಇನ್ನೊಬ್ಬ ಮನುಷ್ಯ ಬಂದುಬಿಡ್ತಾನೆ. ಬಿಟ್ಟುಬಿಡೋದು ಒಬ್ಬನೇ ಮಾಡಬಹುದು, ಬಿಟ್ಟುಕೊಡೋಕೆ ಎದುರಿಗೊಬ್ಬ ಇರಬೇಕು. ಗಿವ್ ಇನ್‌ಗೂ ಹಾಗೇ ಎದುರಿಗೆ ಒತ್ತಡ ಹಾಕೋರು ಬೇಕು, ಅವರಿಗೆ ಮಣಿಯೋದೇ ಗಿವ್ ಇನ್, ಯಾರಿಗೆ ಅಂತ ಹೇಳಬೇಕಿದ್ರೆ ಹಿಂದೆ 'ಟು' ಸೇರಿಸ್ಬೇಕು. ಗಿವ್ ಅಪ್‌ಗೆ ಎದುರಾಳಿ ಬೇಕಿಲ್ಲ, ಪ್ರಯತ್ನ ಬಿಡಬಹುದು, ಬೀಡಿ ಬಿಡಬಹುದು, ನಮ್ಮದಾಗಿದ್ದ ವಸ್ತು ಬಿಡಬಹುದು.

ನಿಮ್ಮ ತಾಲೂಕಿನದ್ದೇ ಉದಾಹರಣೆ ತಗೊಳ್ಳಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯೋ ಕೊಳಗದ ವಿಷಯಕ್ಕೆ ಶುರುವಾದ ಜಗಳದಲ್ಲಿ ಗೇಣಿದಾರ ರೈತರು ಭೂಮಾಲೀಕರಿಗೆ ಮಣೀಲಿಲ್ಲ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೂ ಒಳಗಾದ್ರು. ಇದನ್ನ ಇಂಗ್ಲಿಷಲ್ಲಿ ಬರೆಯೋದಾದ್ರೆ 'ದೇ ಡಿಡ್ ನಾಟ್ ಗಿವ್ ಇನ್ ಟು ದಿ ಲ್ಯಾಂಡ್‌ಲಾರ್ಡ್ಸ್.' ಇಲ್ಲಿ ಗಿವ್ ಅಪ್ ಹಾಕಿ 'ದೇ ಡಿಡ್ ನಾಟ್ ಗಿವ್ ಅಪ್' ಅಂದ್ರೂ ತಪ್ಪಲ್ಲ, ಆದ್ರೆ ಆಗ ಅರ್ಥ ಹೋರಾಟ ಕೈಬಿಡ್ಲಿಲ್ಲ ಅಂತ ಆಗತ್ತೆ, ಮಾಲೀಕರು ಚಿತ್ರದಿಂದ ಹೊರಗೆ ಹೋಗ್ತಾರೆ. ಇದೇ ಜಾಗಕ್ಕೆ ಇನ್ನೊಂದು ಜೋಡೀನೂ ಕಲ್ತುಬಿಡಿ, ಸ್ಟ್ಯಾಂಡ್ ಅಪ್ ಫಾರ್ ಅಂದ್ರೆ ಪರವಾಗಿ ನಿಲ್ಲೋದು, ಸ್ಟ್ಯಾಂಡ್ ಅಪ್ ಟು ಅಂದ್ರೆ ಎದುರು ನಿಲ್ಲೋದು. ಹಕ್ಕಿಗೆ ಫಾರ್, ಮಾಲೀಕರಿಗೆ ಟು. ಇದು ಅದಲು ಬದಲಾದ್ರೆ ಇತಿಹಾಸನೇ ತಿರುವುಮುರುವು ಆಗತ್ತೆ.

ಇನ್ನು ಶರಾವತಿ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಹಿನ್ನೀರಲ್ಲಿ ಊರು ಮುಳುಗಿದವರು ಗದ್ದೆ ತೋಟ ಬಿಟ್ಟುಬಂದ್ರು. 'ದೇ ಗೇವ್ ಅಪ್ ದೇರ್ ಲ್ಯಾಂಡ್' ಅಂತ ವ್ಯಾಕರಣದ ಪ್ರಕಾರ ಬರೀಬಹುದು. ಆದ್ರೆ ಹಾಗೆ ಬರೆದ್ರೆ ತಾವಾಗೇ ಇಷ್ಟಪಟ್ಟು ಕೊಟ್ರು ಅನ್ನೋ ಹಾಗೆ ಕೇಳತ್ತೆ, ನನಗದು ಒಪ್ಪಿಗೆ ಇಲ್ಲ. 'ದೇ ಹ್ಯಾಡ್ ಟು ಗಿವ್ ಅಪ್ ದೇರ್ ಲ್ಯಾಂಡ್' ಅಂತ ಬರೀರಿ, 'ಹ್ಯಾಡ್ ಟು' ಇಲ್ಲಿ ಇರಲೇಬೇಕು. ಅದೇ ಹಿನ್ನೀರಿನ ಆಚೆ ಉಳಿದ ಕರೂರು, ಬಾರಂಗಿ ಹೋಬಳಿ ಜನ ನೀರು ದಾಟಿಸೋ ಲಾಂಚ್ ನಂಬ್ಕೊಂಡು ಎಷ್ಟೋ ದಶಕ ಕಳೆದ್ರಲ್ಲ, ಅವರಿಗೆ ಕಟ್ ಆಫ್ ಅನ್ನೋ ಪದ ಸರಿಯಾಗಿ ಕೂರತ್ತೆ, 'ಕಟ್ ಆಫ್ ಬೈ ದಿ ಬ್ಯಾಕ್‌ವಾಟರ್'. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದ ಮೇಲೆ 'ನೋ ಲಾಂಗರ್ ಕಟ್ ಆಫ್' ಅಂತ ಬರೀಬಹುದು.

ಪ್ರಶ್ನೆ: ಬಸ್ಸಿಗೆ ಗೆಟ್ ಆನ್, ಕಾರಿಗೆ ಗೆಟ್ ಇನ್ ಯಾಕೆ?
ಸೊರಬ

ಹತ್ತಿದ ಮೇಲೆ ನೆಟ್ಟಗೆ ನಿಂತು ಓಡಾಡೋಕೆ ಆಗೋ ವಾಹನಕ್ಕೆ ಆನ್, ಆಫ್. ಬಸ್, ರೈಲು, ವಿಮಾನ, ಲಾಂಚ್. ಬಗ್ಗಿ ಒಳಗೆ ಕೂರಬೇಕಾದ್ದಕ್ಕೆ ಇನ್, ಔಟ್ ಆಫ್. ಕಾರು, ಆಟೋ, ಜೀಪು. ಬೈಕು, ಸೈಕಲ್, ಕುದುರೆ ಮೇಲೆ ಕೂರೋದ್ರಿಂದ ಅವಕ್ಕೂ ಆನ್. ತಾಳಗುಪ್ಪದಲ್ಲಿ ರೈಲಿಂದ ಇಳಿದು ಜೋಗಕ್ಕೆ ಆಟೋ ಹತ್ತಿದ್ರೆ 'ಗೆಟ್ ಆಫ್ ದಿ ಟ್ರೇನ್, ಗೆಟ್ ಇನ್ ದಿ ಆಟೋ.'

ಪ್ರಶ್ನೆ: ಜೋರು ಮಳೆಗೆ ಡಿಸಿ ರಜೆ ಕೊಟ್ಟಾಗ ನಮ್ಮ ಟೆಸ್ಟ್ ಮುಂದಕ್ಕೆ ಹೋಯ್ತು. ಫ್ರೆಂಡ್ 'ಟೆಸ್ಟ್ ಈಸ್ ಕಾಲ್ಡ್ ಆಫ್' ಅಂತ ಗ್ರೂಪಲ್ಲಿ ಹಾಕಿದ, ನಾನು ಓದೋದೇ ಬಿಟ್ಟೆ, ಸೋಮವಾರ ನೋಡಿದ್ರೆ ಟೆಸ್ಟ್ ಇತ್ತು.
ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ನಿಮ್ಮ ಫ್ರೆಂಡ್ ಪುಟ್ ಆಫ್ ಅನ್ನಬೇಕಿತ್ತು. ಪುಟ್ ಆಫ್ ಅಂದ್ರೆ ಮುಂದೂಡೋದು, ಇವತ್ತಲ್ಲದಿದ್ರೆ ಇನ್ನೊಂದು ದಿನ ಇದ್ದೇ ಇದೆ. ಕಾಲ್ ಆಫ್ ಅಂದ್ರೆ ಪೂರ್ತಿ ರದ್ದು. ಇನ್ನೊಂದು ಸೂಕ್ಷ್ಮ ಇದೆ, ಶುರುವಾಗಿಬಿಟ್ಟ ಕೆಲಸಾನ ಪುಟ್ ಆಫ್ ಮಾಡೋಕೆ ಬರಲ್ಲ, ಕಾಲ್ ಆಫ್ ಮಾಡಬಹುದು. ಅದಕ್ಕೇ ಸಾರಿಗೆ ನೌಕರರ ಮುಷ್ಕರ ನಾಲ್ಕು ದಿನ ನಡೆದು ಹಿಂತೆಗೆದುಕೊಂಡ್ರೆ 'ಸ್ಟ್ರೈಕ್ ಕಾಲ್ಡ್ ಆಫ್', ಶುರುವಾಗೋ ಮುಂಚೆನೇ ದಿನಾಂಕ ಮುಂದಕ್ಕೆ ಹಾಕಿದ್ರೆ 'ಪುಟ್ ಆಫ್'. ಹೊಳೇಲಿ ಕೊಚ್ಚಿ ಹೋದವರ ಹುಡುಕಾಟ ನಿಲ್ಲಿಸಿದ್ರೂ ಕಾಲ್ಡ್ ಆಫ್ ಅಂತಾನೇ ವರದಿ ಆಗೋದು. ಪುಟ್ ಆಫ್ ಹಿಂದೆ ಇನ್ನೊಂದು ಕ್ರಿಯಾಪದ ಬಂದ್ರೆ ಅದಕ್ಕೆ ಐಎನ್‌ಜಿ ಸೇರಿಸಿ, 'ಡೋಂಟ್ ಪುಟ್ ಆಫ್ ಸ್ಟಡಿಯಿಂಗ್.'

ಪ್ರಶ್ನೆ: ಹೊರದೇಶದ ಕಂಪನಿಗೆ ರೆಸ್ಯೂಮ್ ಕಳಿಸ್ತಿದೀನಿ. 'ಐ ಪಾಸ್ಡ್ ಔಟ್ ಇನ್ 2019' ಅಂತ ಬರೆದ್ರೆ ತಪ್ಪು ಅಂತಾರಲ್ಲ, ನಿಜವಾ?
ಭದ್ರಾವತಿ

ನಿಜ, ಬದಲಾಯ್ಸಿ. ನಮ್ಮಲ್ಲಿ ಎಲ್ರಿಗೂ ಅರ್ಥ ಆಗತ್ತೆ, ಆದ್ರೆ ಹೊರಗಿನವರು ಮೊದಲು ಓದ್ಕೊಳ್ಳೋದು 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಅಂತ. ಬ್ರಿಟಿಷ್ ಇಂಗ್ಲಿಷಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸಿದವರಿಗೆ ಮಾತ್ರ ಪಾಸ್ ಔಟ್ ಅಂತ ಹೇಳೋ ರೂಢಿ ಇದೆ, ಪಾಸಿಂಗ್ ಔಟ್ ಪರೇಡ್ ಅಂತ ಕೇಳಿರ್ತೀರಿ. ನೀವು 'ಐ ಗ್ರಾಜುಯೇಟೆಡ್ ಫ್ರಮ್ ಕುವೆಂಪು ಯೂನಿವರ್ಸಿಟಿ ಇನ್ 2019' ಅಂತ ಬರೀರಿ.

ಹಾಗೇ ಇನ್ನೆರಡು ನೋಡ್ಕೊಂಡುಬಿಡಿ. 'ವೇರ್ ಆರ್ ಯು ಪುಟ್ ಅಪ್' ಅಂತ ನಾವು ಕೇಳೋದು ಹೊರಗೆ ವಿಚಿತ್ರವಾಗಿ ಕೇಳತ್ತೆ, 'ವೇರ್ ಆರ್ ಯು ಸ್ಟೇಯಿಂಗ್' ಸಾಕು. ಪುಟ್ ಅಪ್ ಬಳಸೋದಾದ್ರೆ ಯಾರೋ ನಮ್ಮನ್ನ ಒಂದೆರಡು ರಾತ್ರಿ ಮನೇಲಿ ಉಳಿಸ್ಕೊಂಡ್ರು ಅನ್ನೋಕೆ, 'ಮೈ ಅಂಕಲ್ ಪುಟ್ ಮಿ ಅಪ್ ಫಾರ್ ಟು ನೈಟ್ಸ್.' ಇನ್ನು ಕೋಪ್ ಅಪ್ ವಿತ್ ಅನ್ನೋದು ಇಲ್ಲವೇ ಇಲ್ಲ, ಬರೀ ಕೋಪ್ ವಿತ್. ಅಲ್ಲಿ ಅಪ್ ಸೇರಿಕೊಂಡಿದ್ದು ಕೀಪ್ ಅಪ್ ವಿತ್, ಪುಟ್ ಅಪ್ ವಿತ್ ಕೇಳಿ ಕೇಳಿ ಇರಬೇಕು.

ಪ್ರಶ್ನೆ: 'ಟರ್ನ್ ಆಫ್ ದಿ ಮೋಟರ್' ಸರಿ, 'ಟರ್ನ್ ಆಫ್ ಇಟ್' ತಪ್ಪು ಅಂದ್ರು. 'ಲುಕ್ ಆಫ್ಟರ್ ಇಟ್' ಮಾತ್ರ ಸರಿಯಂತೆ. ಇದಕ್ಕೆ ಏನಾದ್ರೂ ನಿಯಮ ಇದೆಯಾ?
ಕೃಷಿಕರು, ಶಿಕಾರಿಪುರ

ಇದೆ, ಮತ್ತೆ ಇದು ನಿಜವಾಗ್ಲೂ ಸಮಯ ಕೊಟ್ಟು ಕಲಿಯಬೇಕಾದ ವಿಷಯ, ಯಾಕಂದ್ರೆ ಅರ್ಥ ತಪ್ಪಿದ್ರೆ ಎದುರಿನವರು ಊಹೆ ಮಾಡ್ಕೊಳ್ತಾರೆ, ಜಾಗ ತಪ್ಪಿದ್ರೆ ಕಿವಿಗೆ ಕೂಡ್ಲೇ ಚುಚ್ಚತ್ತೆ. ಫ್ರೇಸಲ್ ವರ್ಬಲ್ಲಿ ಎರಡು ಜಾತಿ. ಒಂದು ಬಿಡಿಸಬಹುದಾದ್ದು, ಟರ್ನ್ ಆಫ್, ಪುಟ್ ಆಫ್, ಗಿವ್ ಅಪ್, ಪಿಕ್ ಅಪ್ ಥರದ್ದು. ಇಲ್ಲಿ ಮೋಟರ್ ಅನ್ನೋ ಪದ ಕೊನೇಲಾದ್ರೂ ಬರಬಹುದು, ಮಧ್ಯದಲ್ಲಾದ್ರೂ ಬರಬಹುದು, 'ಟರ್ನ್ ಆಫ್ ದಿ ಮೋಟರ್', 'ಟರ್ನ್ ದಿ ಮೋಟರ್ ಆಫ್'. ಆದ್ರೆ ಇಟ್, ದೆಮ್, ಹಿಮ್ ಥರದ ಸರ್ವನಾಮ ಬಂದ್ರೆ ಮಧ್ಯದಲ್ಲೇ ಕೂರಬೇಕು, 'ಟರ್ನ್ ಇಟ್ ಆಫ್'. ತೋಟದ ಕೆಳಗಿನ ಬೋರ್‌ವೆಲ್ಲಿನ ಹೊಸ ಮೋಟರ್ ಅಂತ ಉದ್ದ ಆದ್ರೆ ಮಧ್ಯಕ್ಕೆ ತುರುಕಬೇಡಿ, ಕೊನೇಲಿ ಇಡಿ, ಇಲ್ಲಾಂದ್ರೆ ಆಫ್ ಬರೋಷ್ಟೊತ್ತಿಗೆ ಕೇಳೋರಿಗೆ ಟರ್ನ್ ಮರೆತಿರತ್ತೆ. ಎರಡನೇ ಜಾತಿ ಬಿಡಿಸಬಾರದ್ದು, ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ರನ್ ಇಂಟು. ಇಲ್ಲಿ ಮಧ್ಯ ಏನೂ ಬರಲ್ಲ.

ಯಾವುದು ಯಾವ ಜಾತಿ ಅಂತ ಕಿವೀಲೂ ಸ್ವಲ್ಪ ಗೊತ್ತಾಗತ್ತೆ. 'ಲುಕ್ ಇಟ್ ಅಪ್' ಅನ್ನುವಾಗ ಒತ್ತು ಅಪ್ ಮೇಲೆ ಬೀಳತ್ತೆ, 'ಲುಕ್ ಫಾರ್ ಇಟ್' ಅನ್ನುವಾಗ ಫಾರ್ ಸಣ್ಣಗೆ ನುಂಗಿದ ಹಾಗೆ ಹೋಗತ್ತೆ. ಡಿಕ್ಷನರೀಲಿ ನೋಡೋದಾದ್ರೆ, ಕಲಿಯೋರಿಗೆ ಅಂತಾನೇ ಮಾಡಿರೋ ಕೆಲವು ಡಿಕ್ಷನರಿಗಳಲ್ಲಿ ಬಿಡಿಸಬಹುದಾದ್ದರ ಹತ್ರ ಎರಡೂ ಕಡೆ ಮೊನೆ ಇರೋ ಬಾಣದ ಗುರುತು ಇರತ್ತೆ. ಜಾಗ ಬದಲಾದ್ರೆ ಅರ್ಥಾನೇ ಬದಲಾಗೋ ಜೋಡೀನೂ ಇದೆ. 'ಐ ಸಾ ಥ್ರೂ ಇಟ್' ಅಂದ್ರೆ ಅದರ ಹಿಂದಿನ ಮೋಸ ನನಗೆ ಗೊತ್ತಾಯ್ತು, 'ಐ ಸಾ ಇಟ್ ಥ್ರೂ' ಅಂದ್ರೆ ಕಷ್ಟ ಆದ್ರೂ ಕೊನೇವರೆಗೆ ಮುಗಿಸಿದೆ. ಪದಗಳು ಅವೇ, ಕೂತ ಜಾಗ ಬೇರೆ.

ಪ್ರಶ್ನೆ: 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಥವಾ 'ಮೀಟಿಂಗ್ ಯು'?
ರಿಪ್ಪನ್‌ಪೇಟೆ

ಮೀಟಿಂಗ್ ಯು. ಇಲ್ಲಿನ ಟು ಆ ಫ್ರೇಸಲ್ ವರ್ಬಿಗೇ ಸೇರಿದ್ದು, ಮುಂದಿನ ಕ್ರಿಯಾಪದಕ್ಕಲ್ಲ.

ಪ್ರಶ್ನೆ: ನರ್ಸಿಂಗ್ ಮುಗಿಸಿ, ಹೊರದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಓದ್ತಿದೀನಿ. ಕೋಚಿಂಗಲ್ಲಿ ಫ್ರೇಸಲ್ ವರ್ಬಿನ ದೊಡ್ಡ ಪಿಡಿಎಫ್ ಕೊಟ್ಟಿದಾರೆ, ಗೆಟ್ ಒಂದಕ್ಕೇ ಪುಟಗಟ್ಲೆ. ಬೆಳಗ್ಗೆ ಓದಿದ್ದು ಸಂಜೆ ಮರೆತುಹೋಗತ್ತೆ, ಇಂಗ್ಲಿಷ್ ನನಗೆ ಬರೋದೇ ಇಲ್ವೇನೋ ಅನ್ಸತ್ತೆ.
ಶಿವಮೊಗ್ಗ

ಹಾಗೆ ಅನ್ಕೋಬೇಡಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಮಾಡಿದಾಗ ಅದರ ಮುನ್ನುಡೀಲೇ ಹೇಳಿದಾರೆ, ಕ್ರಿಯಾಪದದ ಹಿಂದೆ ಸಣ್ಣ ಪದ ಸೇರಿಸಿ ಅರ್ಥ ಬದಲಾಯಿಸೋ ಈ ಪದ್ಧತಿಯಿಂದ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಆಗತ್ತೆ ಅಂತ. ಆಗ ಇದಕ್ಕೊಂದು ಹೆಸರೂ ಇರಲಿಲ್ಲ, ಫ್ರೇಸಲ್ ವರ್ಬ್ ಅನ್ನೋ ಹೆಸರನ್ನ ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಬಳಕೆಗೆ ತಂದಿದ್ದು. ಅಷ್ಟು ಹಳೇ ಕಷ್ಟ ಇದು, ನಿಮ್ಮ ತಲೆಯ ದೋಷ ಅಲ್ಲ.

ಪಿಡಿಎಫ್ ಮುಚ್ಚಿಡಿ. ಗೆಟ್ ಅಪ್, ಗೆಟ್ ಆಫ್, ಗೆಟ್ ಔಟ್, ಗೆಟ್ ಓವರ್ ಅಂತ ಒಂದೇ ಸಾಲಲ್ಲಿ ಓದಿದ್ರೆ ಎಲ್ಲಾ ಒಂದರ ಮೇಲೊಂದು ಬಿದ್ದು ಕಲಸಿಹೋಗತ್ತೆ, ಹಾಗೆ ಕಲಿಸೋದೇ ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಕ್ರಿಯಾಪದದ ಪ್ರಕಾರ ಕಲಿಯಬೇಡಿ, ಕೆಲಸದ ಪ್ರಕಾರ ಕಲೀರಿ. ನೀವು ನರ್ಸ್ ಅಲ್ವಾ, ವಾರ್ಡಲ್ಲಿ ದಿನಾ ಆಗೋದನ್ನ ತಗೊಳ್ಳಿ. ರೋಗಿ ಪ್ರಜ್ಞೆ ತಪ್ಪಿದ್ರೆ ಪಾಸ್ ಔಟ್, ಎಚ್ಚರ ಆದ್ರೆ ಕಮ್ ರೌಂಡ್, ವಾಂತಿ ಮಾಡಿದ್ರೆ ಥ್ರೋ ಅಪ್, ಊತ ಇಳಿದ್ರೆ ಗೋ ಡೌನ್, ಮೈಮೇಲೆ ದದ್ದು ಎದ್ರೆ ಬ್ರೇಕ್ ಔಟ್, ಮಾತ್ರೆಯ ಪರಿಣಾಮ ಇಳೀತಾ ಬಂದ್ರೆ ವೇರ್ ಆಫ್, ಕಾಯಿಲೆಯಿಂದ ಚೇತರಿಸ್ಕೊಂಡ್ರೆ ಗೆಟ್ ಓವರ್, ಸಕ್ಕರೆ ಉಪ್ಪು ಕಡಿಮೆ ಮಾಡಿ ಅನ್ನೋಕೆ ಕಟ್ ಡೌನ್ ಆನ್. ಒಂದೊಂದಕ್ಕೂ ನೀವು ಕಂಡ ಒಬ್ಬ ರೋಗಿಯ ನೆನಪಿಟ್ಟು ಒಂದು ವಾಕ್ಯ ಬರೀರಿ, ಹೆಸರು ಬೇಡ. ಆ ಮುಖ ನೆನಪಾದಾಗ ಪದಾನೂ ಜೊತೇಲೇ ಬರತ್ತೆ. ನೀವು ಹೊರದೇಶಕ್ಕೆ ಹೋದ್ರೆ ಈ ಮಾತುಗಳನ್ನ ಅಲ್ಲಿನ ರೋಗಿಗಳು ನಿಮ್ಮ ಹತ್ರ ದಿನಾ ಆಡ್ತಾರೆ, ವಾಮಿಟ್ ಅನ್ನೋದಕ್ಕಿಂತ ಥ್ರೋ ಅಪ್ ಅಂತಾನೇ ಅಲ್ಲಿನ ಸಾಮಾನ್ಯ ಜನ ಹೆಚ್ಚಾಗಿ ಅನ್ನೋದು, ಹಾಗಾಗಿ ಪರೀಕ್ಷೆ ಆಚೆಗೂ ಇವು ಬೇಕು.

ಪುಟ್ಟ ಪದಗಳಿಗೂ ಒಂದೊಂದು ಒಲವು ಇದೆ. ಅಪ್ ಬಹಳ ಸಲ ಪೂರ್ತಿ ಮುಗಿಸೋದನ್ನ ತೋರಿಸತ್ತೆ, ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ನಾವು ತಿಂದುಹಾಕು, ಕುಡಿದುಬಿಡು ಅಂತೀವಲ್ಲ ಹಾಗೆ. ಆಫ್ ಬೇರೆಯಾಗೋದನ್ನ, ದೂರ ಸರಿಯೋದನ್ನ. ಇದು ಊಹೆಗೆ ಸಹಾಯ ಮಾಡತ್ತೆ, ಎಲ್ಲಾ ಕಡೆ ಹೊಂದಲ್ಲ, ಆದ್ದರಿಂದ ಊಹೆ ಮಾಡಿದ ಮೇಲೆ ಡಿಕ್ಷನರಿ ನೋಡೋದು ಬಿಡಬೇಡಿ.

ಪ್ರಶ್ನೆ: ಬ್ಯಾಂಕ್ ಫಾರ್ಮಿಗೆ ಫಿಲ್ ಇನ್, ಫಿಲ್ ಔಟ್, ಫಿಲ್ ಅಪ್, ಯಾವುದು?
ಸೊಸೈಟಿ ಕಾರ್ಯದರ್ಶಿ, ಕೊಪ್ಪ

ಬ್ರಿಟನ್ನಲ್ಲಿ ಫಿಲ್ ಇನ್, ಅಮೆರಿಕದಲ್ಲಿ ಫಿಲ್ ಔಟ್, ನಮ್ಮ ಕಡೆ ಫಿಲ್ ಅಪ್ ಅಂದ್ರೂ ಯಾರೂ ತಪ್ಪು ತಿಳ್ಕೊಳಲ್ಲ. ಬರವಣಿಗೇಲಿ ಫಿಲ್ ಇನ್ ಇಟ್ಕೊಳ್ಳಿ. ಫಾರ್ಮಿನ ಒಳಗಿನ ಒಂದೊಂದೇ ಖಾಲಿ ಜಾಗಕ್ಕೆ ಮಾತ್ರ ಎಲ್ಲಾ ಕಡೆ ಫಿಲ್ ಇನ್ನೇ, ಮತ್ತೆ ಪೆಟ್ರೋಲ್ ಬಂಕಲ್ಲಿ ಟ್ಯಾಂಕ್ ತುಂಬಿಸೋಕೆ ಫಿಲ್ ಅಪ್.